ಪಾಪ ಅಂದರೆ ಆಲೂಗಡ್ಡೆ

ಕಳೆದ ಶನಿವಾರ ವೆಸ್ಟ್ ಕೊವಿನಾದಲ್ಲಿ ಗೆಳತಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಸ್ಯಾನ್ ಡಿಯೆಗೋಗೆ ವಾಪಸು ಹೊರಟವರು, ದಾರಿಗೆ ಒಂದಿಷ್ಟು ಹಣ್ಣು ಇರಲಿ ಎಂದು ಅಲ್ಲೇ ಒಂದು ತರಕಾರಿ ಅಂಗಡಿಗೆ ನುಗ್ಗಿದೆವು. ಸ್ಪ್ಯಾನಿಷ್ ಮಾತಾಡುವವರೇ ಹೆಚ್ಚಾಗಿ ಬರುವ ದೊಡ್ಡ ಅಂಗಡಿ. ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು, ಹಸಿಮೆಣಸಿನಕಾಯಿ ಎಲ್ಲ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತವೆ. ಅಂಥ ಕಡೆ ಕಾಲಿಟ್ಟರೆ ನನಗೆ ಬೇಡದ್ದೆಲ್ಲ ಬೇಕು ಎನ್ನಿಸುತ್ತದೆ. ಎಂಟು ವರ್ಷದ ಮಗ ಧ್ರುವನಿಗೆ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಆಲೂಗಡ್ಡೆಯ ರಾಶಿಯ ಮೇಲೆ ತೂಗುಹಾಕಿದ್ದ ರಟ್ಟನ್ನು ನೋಡಿ, "ಅಮ್ಮ, ಪಾಪ!" ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಿದ. ನನ್ನ ಕಿವಿ ಬಿಸಿಯಾಯಿತು. ಹನ್ನೆರಡು ವರ್ಷದ ಮಗಳು ಅನ್ವಿತಾ ನನ್ನ ಮುಖವನ್ನೊಮ್ಮೆ ನೋಡಿ ಈರುಳ್ಳಿಯ ಕಡೆಗೆ ನಡೆದಳು.

ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್‌ನಲ್ಲಿ ಪಾಪ ಅಂದರೆ ಆಲೂಗಡ್ಡೆ, ಅಷ್ಟೇ. ನಮ್ಮಲ್ಲಿ ಪಾಪ ಅಂದರೆ ಏನೇನೆಂದು ನಿಮಗೆ ಹೇಳಬೇಕಾಗಿಲ್ಲ. ಕಾಲು ಮುರಿದುಕೊಂಡವರೂ ಪಾಪ, ಕೆಲಸ ಕಳೆದುಕೊಂಡವರೂ ಪಾಪ, ನಮ್ಮ ಮೈಸೂರು ಕಡೆ ತೊಟ್ಟಿಲಲ್ಲಿ ಮಲಗಿದ ಕೂಸೂ ಪಾಪ, ಮಾಡಬಾರದ್ದನ್ನು ಮಾಡಿದರೆ ಅದೂ ಪಾಪ. ಎರಡಕ್ಷರದ ಈ ಮಾತನ್ನು ನಾನು ಅಡಿಗೆಗೆ ಉಪ್ಪು ಹಾಕುವ ಹಾಗೆ ಎಲ್ಲದಕ್ಕೂ ಹಾಕುತ್ತಿದ್ದೆ. ಈಗ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳಲು ಹೊರಟರೆ ನನ್ನ ಮಾನ ನಾನೇ ಕಳೆದುಕೊಂಡ ಹಾಗಾಗುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ನಾವು ಈ ದೇಶದಲ್ಲಿ ಕನ್ನಡವನ್ನು ಹೇಗೆ ಬಳಸುತ್ತೇವೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ರಾಜ್ಯೋತ್ಸವದ ದಿನ ಅದು ನಮ್ಮ ತಾಯಿ, ನಮ್ಮ ಹೆಮ್ಮೆ, ನಮ್ಮ ಉಸಿರು. ಮಿಕ್ಕ ದಿನಗಳಲ್ಲಿ ಅದೊಂದು ಪರದೆ. ಅಂಗಡಿಯವನ ಎದುರಿಗೇ "ಜಾಸ್ತಿ ಹೇಳ್ತಿದಾನೆ, ಸುಮ್ನೆ ಹೊರಡಿ" ಎನ್ನಬಹುದು. ಪಕ್ಕದ ಟೇಬಲಿನವರ ಜಡೆ, ಜಗಳ, ತಟ್ಟೆಯಲ್ಲಿ ಬಿಟ್ಟ ಅನ್ನ ಎಲ್ಲವನ್ನೂ ಅವರ ಕಿವಿಯ ಪಕ್ಕದಲ್ಲೇ ಕುಳಿತು ವಿಮರ್ಶಿಸಬಹುದು. ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿದ್ದಾಗ ಒಂದು ಮಧ್ಯಾಹ್ನ ಲಿಫ್ಟಿನಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. "ಈ ಸೆಕೇಲಿ ಟೋಪಿ ನೋಡ್ರೀ, ಪಾಪ, ತಲೆ ಕೆಟ್ಟಿರ್ಬೇಕು" ಎಂದು ಗಂಡನಿಗೆ ಹೇಳಿದೆ. ಐದನೆಯ ಮಹಡಿಯಲ್ಲಿ ಬಾಗಿಲು ತೆರೆದಾಗ ಅವರು ನನ್ನ ಕಡೆ ತಿರುಗಿ, "ತಲೆ ಕೆಟ್ಟಿಲ್ಲಮ್ಮ, ನೆಗಡಿ ಆಗಿದೆ" ಎಂದು ಇಳಿದುಹೋದರು. ಆಮೇಲೆ ಆ ಮನೆ ಬಿಡುವವರೆಗೂ ನಾನು ಮೆಟ್ಟಿಲಿನಲ್ಲೇ ಓಡಾಡಿದೆ. ಮೊಣಕಾಲು ಗಟ್ಟಿಯಾಯಿತೇ ಹೊರತು ಬುದ್ಧಿ ಬರಲಿಲ್ಲ.

ಪರದೆಗೆ ತೂತು ಬಿದ್ದದ್ದು ಮಕ್ಕಳಿಂದ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಾನು ಗುಟ್ಟಾಗಿ ಕನ್ನಡದಲ್ಲಿ ಏನೋ ಹೇಳಿದ್ದಕ್ಕೆ ಅನ್ವಿತಾ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ, ಆ ಉತ್ತರದಿಂದಲೇ ನಾನು ಹೇಳಿದ್ದೇನೆಂದು ಯಾರಿಗಾದರೂ ಹೊಳೆಯುತ್ತದೆ. ಎರಡು ಡಿಗ್ರಿ ಪಡೆದು, ಹಗಲೆಲ್ಲ ಫೋನಿನ ಸಿಗ್ನಲ್ ಎಲ್ಲಿ ಸೋರುತ್ತದೆ ಎಂದು ಹುಡುಕುವುದನ್ನೇ ಕೆಲಸ ಮಾಡಿಕೊಂಡ ನನಗೆ ಇಷ್ಟು ಹೊಳೆಯಲಿಲ್ಲ.

ಈಗ ಗ್ಲಾಡಿಸ್ ವಿಷಯಕ್ಕೆ ಬರುತ್ತೇನೆ. ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಮನೆ ತೆಗೆದುಕೊಂಡ ಮೇಲೆ, ಮಕ್ಕಳನ್ನು ಸ್ಕೂಲಿನಿಂದ ಕರೆತಂದು ನಾವು ಆಫೀಸಿನಿಂದ ಬರುವವರೆಗೆ ನೋಡಿಕೊಳ್ಳುವವರು ಬೇಕಾಗಿದ್ದರು. ಗ್ಲಾಡಿಸ್ ಎಂಬ ಹೆಸರು ಕೇಳಿದೊಡನೆ ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಂಗಳೂರಿನ ಗ್ಲಾಡಿಸ್ ಟೀಚರ್ ನೆನಪಾಗಿ, ನೋಡುವ ಮುಂಚೆಯೇ ಸ್ವಲ್ಪ ಹೆದರಿಕೆಯೂ ಆಗಿತ್ತು. ಬಂದವರು ಪೆರು ದೇಶದ ಲೀಮಾದವರು. ಐವತ್ತು ದಾಟಿದ, ಕುಳ್ಳಗಿನ, ನೆಟ್ಟಗೆ ಕೂರುವ ಹೆಂಗಸು. ಊರಲ್ಲಿ ಶಿಶುವಿಹಾರದ ಟೀಚರ್ ಆಗಿದ್ದರಂತೆ. ನಮ್ಮ ಮನೆಯಲ್ಲಿ ಹೋಮ್‌ವರ್ಕ್ ಮುಗಿಯದೆ ಟಿವಿ ಹಾಕುವ ಧೈರ್ಯ ಮಕ್ಕಳಿಗಿರಲಿ, ನನ್ನ ಗಂಡ ಸುಧೀರನಿಗೂ ಇರಲಿಲ್ಲ.

ಗ್ಲಾಡಿಸ್ ತಮ್ಮ ತಾಯಿಯನ್ನು ನೋಡಿ ಹನ್ನೊಂದು ವರ್ಷವಾಗಿತ್ತು. ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಸಿಕ್ಕಿಕೊಂಡಿತ್ತು. ದೇಶ ಬಿಟ್ಟು ಹೋದರೆ ಮತ್ತೆ ಒಳಗೆ ಬಿಡುತ್ತಾರೆಂಬ ಖಾತ್ರಿ ಇರಲಿಲ್ಲ. ಇದು ನನಗೆ ಗೊತ್ತಿಲ್ಲದ ಸಂಕಟವೇನಲ್ಲ. ನಮ್ಮ ಕಾರ್ಡು ಬರುವ ಮುಂಚೆ, ಊರಿಗೆ ಹೋದರೆ ವೀಸಾ ಸ್ಟಾಂಪಿಂಗ್ ಸಿಗದೆ ಅಲ್ಲೇ ಸಿಕ್ಕಿಕೊಂಡೇನೆಂದು ಹೆದರಿ, ಒಡಹುಟ್ಟಿದ ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದವಳು ನಾನು. ಆದರೂ, ಅಥವಾ ನಮ್ಮದು ಇತ್ಯರ್ಥವಾಗಿತ್ತು ಎಂಬ ಕೊಬ್ಬಿನಿಂದಲೇ ಇರಬೇಕು, ಗ್ಲಾಡಿಸ್ ಮಾತು ಬಂದಾಗಲೆಲ್ಲ ನನ್ನ ಬಾಯಲ್ಲಿ ಮೊದಲು ಬರುತ್ತಿದ್ದುದು ಪಾಪ. "ಪಾಪ, ಎರಡು ಬಸ್ ಬದಲಾಯಿಸ್ಕೊಂಡು ಬರ್ತಾರೆ." "ಪಾಪ, ಅದೇ ಸ್ವೆಟರ್ ಹಾಕ್ಕೋತಾರೆ." "ಪಾಪ, ಉಳಿದಿರೋ ಪಲ್ಯ ಕೊಡ್ಲಾ?" ಎಲ್ಲವೂ ಅವರ ಎದುರಿಗೇ, ನಗುಮುಖದಿಂದ, ಕನ್ನಡದಲ್ಲಿ.

ಕೊರೋನಾ ಕಳೆದು ಎರಡನೆಯ ಡಿಸೆಂಬರ್. ರಜೆಗೆ ಎಲ್ಲಾದರೂ ಹೋಗೋಣ ಎಂದಾಯಿತು. ಊರಿಗೆ ಹೋಗುವುದು ರಜೆಯಲ್ಲ, ಹಾಜರಿ ಹಾಕಿಸುವುದು. ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ, ಯಾರ ಮನೆ ತಪ್ಪಿದರೂ ಐದು ವರ್ಷ ಆಡಿಕೊಳ್ಳುತ್ತಾರೆ. ಹಾಗಾಗಿ ಒಂದು ಸಲವಾದರೂ ಯಾರ ಮನೆಗೂ ಹೋಗಬೇಕಾಗಿಲ್ಲದ ಊರಿಗೆ ಹೋಗಬೇಕೆಂಬುದು ನನ್ನ ಹಟ. ಮಳೆಯೇ ಬಾರದ ಊರು ಲೀಮಾ ಎಂದು ಗ್ಲಾಡಿಸ್ ಹೇಳಿದ್ದ ಕತೆ ಅನ್ವಿತಾಳ ತಲೆಯಲ್ಲಿ ಕೂತಿತ್ತು. ಲಾಸ್ ಏಂಜಲಿಸ್‌ನಿಂದ ನೇರ ವಿಮಾನವೂ ಇತ್ತು. ಲೀಮಾಕ್ಕೇ ಹೋಗುವುದೆಂದು ನಿಶ್ಚಯವಾಯಿತು.

ನಾನು ಪ್ಲಾನ್ ಮಾಡುವುದನ್ನು ನೀವು ನೋಡಬೇಕು. ನೋಡದಿರುವುದು ನಿಮ್ಮ ಪುಣ್ಯ. ಒಂದೊಂದು ದಿನಕ್ಕೂ ಒಂದೊಂದು ಹಾಳೆ ಮಾಡಿ, ಮಕ್ಕಳಿಗೆ ಒಗ್ಗುವುದಕ್ಕೆ ಹಸಿರು, ಅನುಮಾನವಿದ್ದದ್ದಕ್ಕೆ ಹಳದಿ, ಕೂಡದ್ದಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಹತ್ತಿರದ ಟಾಯ್ಲೆಟ್ ಎಲ್ಲಿದೆ, ಮೊಸರು ಸಿಗುತ್ತದೆಯೆ, ಸ್ಟ್ರೋಲರ್ ಹೋಗುತ್ತದೆಯೆ ಎಂದೆಲ್ಲ ಬರೆದಿದ್ದೆ. ಧ್ರುವ ಸ್ಟ್ರೋಲರ್ ಬಿಟ್ಟು ಎರಡು ವರ್ಷವಾಗಿತ್ತು. "ಒಂದೊಂದು ಸಲ ಉಸಿರಾಡೋದಕ್ಕೂ ಟೈಮ್ ಹಾಕು ಕಣೆ" ಎಂದ ಸುಧೀರ. ಅವನಿಗೆ ಕುಕ್ಕರ್ ಹೊರುವ ಕೆಲಸ ಕೊಟ್ಟು ಬಾಯಿ ಮುಚ್ಚಿಸಿದೆ.

ಗ್ಲಾಡಿಸ್ ನನ್ನ ಬಣ್ಣದ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಮಾರನೆಯ ದಿನ ಅನ್ವಿತಾಳ ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ, ಟೀಚರ ದುಂಡನೆಯ ಅಕ್ಷರದಲ್ಲಿ, ತಾವೇ ಒಂದು ಪ್ಲಾನ್ ಬರೆದು ತಂದರು. ಬೆಕ್ಕುಗಳೇ ವಾಸಮಾಡುವ ಪಾರ್ಕು. ಬಣ್ಣಬಣ್ಣದ ಕಾರಂಜಿಗಳ ನಡುವೆ ಮಕ್ಕಳು ಒದ್ದೆಯಾಗುವ ಜಾಗ. ಅಲ್ಲಿಗೆ ಹೋಗುವಾಗ ಇನ್ನೊಂದು ಜೊತೆ ಚಡ್ಡಿ. ಉಸಿರು ಬಿಗಿಹಿಡಿದು ದಾಟಿದರೆ ಅಂದುಕೊಂಡದ್ದು ಆಗುತ್ತದೆ ಎನ್ನುವ ಮರದ ಸೇತುವೆ. ನನ್ನ ಯಾವ ಹಾಳೆಯಲ್ಲೂ ಇವು ಇರಲಿಲ್ಲ. ಕೊನೆಯ ಪುಟದಲ್ಲಿ, ನಾವು ಮಾಂಸ ತಿನ್ನುವುದಿಲ್ಲವಾದ್ದರಿಂದ, ತಿನ್ನಬಹುದಾದ ತಿಂಡಿಗಳ ಪಟ್ಟಿ. ಅಲ್ಲಿದ್ದುದೆಲ್ಲ ಆಲೂಗಡ್ಡೆ. ಹಳದಿ ಮೆಣಸಿನಕಾಯಿಯ ಸಾರು ಸುರಿದ ಬೇಯಿಸಿದ ಪಾಪ, ಹಿಸುಕಿ ಪದರ ಮಾಡಿದ ಪಾಪ, ಒಳಗೆ ಚೀಸ್ ತುಂಬಿ ಕರಿದ ಪಾಪ.

"ಇಷ್ಟೊಂದು ಆಲೂಗಡ್ಡೆ!" ಎಂದು ನಾನು ನಕ್ಕೆ.

"ಮತ್ತೆ? ನಿಮಗೆ ಅಷ್ಟು ಇಷ್ಟ ಅಲ್ವಾ? ಮನೇಲಿ ಯಾವಾಗ್ಲೂ ಅದರದ್ದೇ ಮಾತು. ಪಾಪ, ಪಾಪ, ಪಾಪ," ಎಂದರು ಗ್ಲಾಡಿಸ್. ಅವರು ಆಡಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ ಹಾಗೆ ಬರೆದಿದ್ದೇನೆ.

ನಾನು ಸರಕ್ಕನೆ ಬುದ್ಧಿ ಓಡಿಸಿದೆ. "ಅಯ್ಯೋ, ಅದು ಆಲೂಗಡ್ಡೆ ಅಲ್ಲ. ನಮ್ಮ ಭಾಷೇಲಿ ಪಾಪ ಅಂದ್ರೆ ಮಗು. ಪುಟ್ಟ ಮಗು" ಎಂದೆ. ಸುಳ್ಳಲ್ಲವಲ್ಲ!

ಮೇಜಿನ ಆ ಕಡೆ ಬಣ್ಣ ಹಚ್ಚುತ್ತಿದ್ದ ಅನ್ವಿತಾ ತಲೆಯೆತ್ತದೆ ಹೇಳಿದಳು: "ನೋ ಅಮ್ಮ, ಇಟ್ಸ್ ಲೈಕ್ ಪೂರ್ ಥಿಂಗ್."

"ಪೂರ್ ಥಿಂಗ್ ಯಾರು?" ಎಂದು ಗ್ಲಾಡಿಸ್ ಅವಳನ್ನೇ ಕೇಳಿದರು.

"ಯು, ಮೋಸ್ಟ್ಲಿ" ಎಂದಳು ಆಗ ಒಂಬತ್ತು ವರ್ಷದವಳಾಗಿದ್ದ ನನ್ನ ಮಗಳು.

ಗ್ಲಾಡಿಸ್ ಪೆನ್ಸಿಲಿನ ತುದಿಯನ್ನು ನೋಡಿಕೊಂಡರು. ಪಟ್ಟಿಯಲ್ಲಿ ಒಂದು ಕಡೆ ಬಿಟ್ಟುಹೋಗಿದ್ದ ಚುಕ್ಕಿ ಇಟ್ಟರು. ಆಮೇಲೆ ಎದ್ದು, ಧ್ರುವನ ಲಂಚ್ ಡಬ್ಬಿಯನ್ನು ತೊಳೆದು, ಹೊತ್ತಿಗೆ ಸರಿಯಾಗಿ ಬಸ್ಸಿಗೆ ಹೊರಟುಹೋದರು. ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ಷಮಿಸಿ ಎಂದರೆ ಹೌದು ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ವಾರ ಅವರು ಎಂದಿನಂತೆಯೇ ಬಂದು ಹೋದರು. ಎಂಟನೆಯ ದಿನ ಆ ನೋಟ್‌ಬುಕ್ಕನ್ನು ಮತ್ತೆ ತೆಗೆದು, ಭಾನುವಾರದ ಪುಟದಲ್ಲಿ ಹೊಸದಾಗಿ ಬರೆದದ್ದನ್ನು ತೋರಿಸಿದರು. 'ಒಂದು ಗಂಟೆಗೆ ಊಟ, ನನ್ನ ತಾಯಿಯ ಮನೆ.' "ನಿಮಗೆ ಏನೂ ತೊಂದರೆ ಆಗಲ್ಲ. ಅಣ್ಣ, ಅತ್ತಿಗೆ, ಮಕ್ಕಳು ಎಲ್ಲ ಅಲ್ಲೇ ಇರ್ತಾರೆ. ಮೂರು ಅಂತಸ್ತಿನ ಮನೆ. ಮೇಲಿನದ್ದನ್ನ ನಾನು ಇಲ್ಲಿಂದ ಕಟ್ಟಿಸಿದ್ದು, ನಾನೇ ಇನ್ನೂ ನೋಡಿಲ್ಲ" ಎಂದರು. ಆಮೇಲೆ ಸ್ವಲ್ಪ ನಿಧಾನವಾಗಿ, "ನಾನು ಎಂಥ ಮನೆಯೋಳು ಅಂತ ನೀವು ಒಂದ್ಸಲ ನೋಡ್ಕೊಂಡು ಬನ್ನಿ" ಎಂದರು.

ಅವರು ಏನು ಕೇಳುತ್ತಿದ್ದಾರೆಂದು ನನಗೆ ಚೆನ್ನಾಗಿಯೇ ಅರ್ಥವಾಯಿತು. ಆ ಎರಡಕ್ಷರವನ್ನು ಅವರು ನನ್ನ ಬಾಯಿಂದ ಅಳಿಸಬೇಕೆಂದಿದ್ದರು, ಅದೂ ಎಷ್ಟು ಮರ್ಯಾದೆಯಿಂದ! ನಾನು ಮಾಡಿದ್ದೇನು ಗೊತ್ತೇ? ವಿಳಾಸವನ್ನು ಮ್ಯಾಪಿನಲ್ಲಿ ಹುಡುಕಿದೆ. ಊರ ಅಂಚಿನ ಗುಡ್ಡದ ಮೇಲಿನ ಬಡಾವಣೆ. ಪ್ರವಾಸಿಗಳ ಯಾವ ಪಟ್ಟಿಯಲ್ಲೂ ಇರಲಿಲ್ಲ. ಭಾನುವಾರಕ್ಕೆ ಕೆಂಪು ಬಣ್ಣ ಬಳಿದೆ. ಮರುದಿನ ಗ್ಲಾಡಿಸ್ ಎದುರಿಗೇ ಮೊಸರನ್ನ ಕಲಸುತ್ತಾ ಗಂಡನಿಗೆ ಹೇಳಿದೆ: "ಆ ಏರಿಯಾಗೆಲ್ಲ ಮಕ್ಕಳನ್ನ ಕರ್ಕೊಂಡು ಹೋಗೋದು ಬೇಡ ರೀ. ಈಗ ಹ್ಞೂಂ ಅಂದ್ಬಿಡೋಣ, ಬೇಜಾರಾಗತ್ತೆ. ಅಲ್ಲಿಗೆ ಹೋದ್ಮೇಲೆ ಏನಾದ್ರೂ ಹೇಳಿದ್ರಾಯ್ತು." ಪಾಪ ಎನ್ನದೆ ಹೇಳಿದೆ ಎಂಬುದೊಂದೇ ನನ್ನಲ್ಲಾದ ಸುಧಾರಣೆ.

"ಏನಾದ್ರೂ ಲೈಕ್ ವಾಟ್?" ಎಂದು ಕೇಳಿದಳು ಅನ್ವಿತಾ.

ಗ್ಲಾಡಿಸ್ ನನ್ನ ಕಡೆ ನೋಡಿದರು. "ನಿಮ್ಮ ತಾಯಿಗೆ ಏನು ಉಡುಗೊರೆ ತಗೊಂಡು ಹೋಗೋದು ಅಂತ ಮಾತಾಡ್ತಿದ್ವಿ" ಎಂದೆ. ಗ್ಲಾಡಿಸ್‌ಗೆ ಖುಷಿಯಾಯಿತು. ಏನೂ ಬೇಡ, ಮಕ್ಕಳನ್ನು ಕರೆದುಕೊಂಡು ಹೋದರೆ ಸಾಕು ಎಂದರು. ಅವತ್ತಿನಿಂದ ದಿನಕ್ಕೊಂದು ಸಲ ತಾಯಿಯ ಜೊತೆ ಫೋನಿನಲ್ಲಿ ನಮ್ಮ ಊಟದ ಚರ್ಚೆ ನಡೆಯಿತು. ಮೊಟ್ಟೆ ಆಗುತ್ತದೆಯೆ? ಕೋಳಿಯ ಸಾರಿನಲ್ಲಿ ಬೇಯಿಸಿದ ಅನ್ನ? ಅದೂ ಆಗುವುದಿಲ್ಲವೆ? ನಾನು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟೆ. ಉಣ್ಣಲು ಹೋಗದವಳು ಊಟದ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿರುವುದೆಂದರೆ!

ಲೀಮಾ ಚೆನ್ನಾಗಿತ್ತು. ನನ್ನ ಹಾಳೆಗಳನ್ನು ಎರಡನೆಯ ದಿನವೇ ಯಾರೂ ಕೇಳಲಿಲ್ಲ. ಮಕ್ಕಳು ಗ್ಲಾಡಿಸ್ ಪುಸ್ತಕ ಹಿಡಿದುಕೊಂಡು ನಮ್ಮನ್ನು ಎಳೆದಾಡಿದರು. ಪುಸ್ತಕದಲ್ಲಿ ಹೇಳಿದ ಜಾಗದಲ್ಲೇ ಬೆಕ್ಕುಗಳು ಇದ್ದವು. ಧ್ರುವ ಕಾರಂಜಿಯಲ್ಲಿ ಒದ್ದೆಯಾದ. ಇನ್ನೊಂದು ಚಡ್ಡಿ ಚೀಲದಲ್ಲಿತ್ತು. ಸೇತುವೆಯ ಮೇಲೆ ಅನ್ವಿತಾ ಉಸಿರು ಹಿಡಿದು ದಾಟಿದಳು. ಏನು ಅಂದುಕೊಂಡೆ ಎಂದರೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಗ್ಲಾಡಿಸ್‌ಗೆ ಮೆಸೇಜ್ ಹಾಕಿದೆ: ಧ್ರುವನಿಗೆ ಜ್ವರ, ಬರಲು ಆಗುವುದಿಲ್ಲ, ನಿಮ್ಮ ತಾಯಿಗೆ ದಯವಿಟ್ಟು ತಿಳಿಸಿ. ಸುಧೀರ, "ಟ್ಯಾಕ್ಸಿ ಇದೆ, ಎರಡು ಗಂಟೆ ಕೂತು ಬರೋಣ ಕಣೆ. ಏನಾಗಲ್ಲ" ಎಂದ. ಸತ್ಯಕ್ಕೆ ಹೇಳುತ್ತೇನೆ, ಅವನು ಎರಡು ಸಲ ಹೇಳಿದ. ನಾನೇ ಒಪ್ಪಲಿಲ್ಲ. ಜ್ವರವಿಲ್ಲದ ಮಗನಿಗೆ ಸನ್‌ಸ್ಕ್ರೀನ್ ಬಳಿದು ಸಮುದ್ರದ ದಂಡೆಯ ಮೇಲಿನ ಪಾರ್ಕಿಗೆ ಹೊರಡಿಸಿದೆ. ಅನ್ವಿತಾ ಗ್ಲಾಡಿಸ್ ಪುಸ್ತಕವನ್ನು ಹೋಟೆಲಿನಲ್ಲೇ ಬಿಟ್ಟು ಬಂದಳು.

ಮೂರು ಗಂಟೆಗೆ ಮರಳಿದೆವು. ಮಕ್ಕಳ ಕೈಯಲ್ಲಿ ಐಸ್‌ಕ್ರೀಮು, ಧ್ರುವನ ಗಲ್ಲದ ತುಂಬ ಅದೇ. ಹೋಟೆಲಿನ ಮುಂಗೋಣೆಯ ಸೋಫಾದ ತುದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದರು. ಕುಳ್ಳಗೆ, ನೆಟ್ಟಗೆ. ತೊಡೆಯ ಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿದ ಪಾತ್ರೆ. ಆ ಕೂರುವ ರೀತಿಯಿಂದಲೇ ಯಾರೆಂದು ತಿಳಿದು ನನ್ನ ಕಾಲು ನಿಂತುಹೋಯಿತು. ಮಗುವಿಗೆ ಜ್ವರವೆಂದೂ ಹೋಟೆಲು ಯಾವುದೆಂದೂ ಮಗಳಿಂದ ಕೇಳಿದವರೇ, ಊಟಕ್ಕೆ ಸೇರಿದ್ದ ಮನೆಯವರನ್ನೆಲ್ಲ ಬಿಟ್ಟು, ಎರಡು ಬಸ್ಸು ಬದಲಾಯಿಸಿಕೊಂಡು ಬಂದಿದ್ದರು. ಒಂದೂವರೆಯಿಂದ ಕಾಯುತ್ತಿದ್ದಾರೆ, ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿರಬೇಕು ಎಂದು ನಾವು ಹೇಳಿದೆವು ಎಂದಳು ರಿಸೆಪ್ಷನ್ನಿನ ಹುಡುಗಿ. ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಮಾತು ದಾಟಿಸಿದ್ದೂ ಅವಳೇ.

ಅಜ್ಜಿ ಎದ್ದು ಬಂದು ಧ್ರುವನ ಹಣೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಕತ್ತಿನ ಹಿಂದೆ. ಐಸ್‌ಕ್ರೀಮನ್ನು ನೋಡಿದರು, ಅವರ ಹುಬ್ಬು ಕೂಡ ಅಲುಗಲಿಲ್ಲ. "ಇಳೀತಿದೆ" ಎಂದರು. ಆಮೇಲೆ ಅನ್ವಿತಾಳ ಕಡೆ ಬಾಗಿ ಏನೋ ಕೇಳಿದರು. ತಮ್ಮನ ಮೈ ಬಹಳ ಸುಡುತ್ತಿತ್ತಾ ಎಂದು ಕೇಳುತ್ತಿದ್ದಾರೆ ಎಂದಳು ಹುಡುಗಿ. ಯಾವ ಪ್ರಶ್ನೆಗೂ ಉತ್ತರ ಕೊಡದೆ ಬಿಡದ ನನ್ನ ಮಗಳು ನನ್ನ ಮುಖ ನೋಡಿದಳು. ತಲೆ ತಗ್ಗಿಸಿಕೊಂಡು ನಿಂತಳು. ನಾಚಿಕೆ ಅಂದರೆ ಏನೆಂದು ನನಗೆ ಅಷ್ಟು ದಿನ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಆದದ್ದು ಬರೀ ಮುಜುಗರ.

ಸುಧೀರ ಟ್ಯಾಕ್ಸಿ ಮಾಡಿಕೊಂಡು ಅಜ್ಜಿಯನ್ನು ಮನೆಗೆ ಬಿಟ್ಟುಬರಲು ಹೋದ. ನಾನೂ ಬರುತ್ತೇನೆ ಎನ್ನುವ ಮುಖ ನನಗಿರಲಿಲ್ಲ. ಕೋಣೆಗೆ ಬಂದು ಗಂಟು ಬಿಚ್ಚಿದೆ. ಒಂದು ಕಡೆ ಜ್ವರದ ಮಗುವಿಗೆಂದು ತೆಳ್ಳಗೆ ಮಾಡಿದ ಆಲೂಗಡ್ಡೆಯ ಗಂಜಿ, ಇನ್ನೊಂದು ಕಡೆ ನಮಗೆ ಅನ್ನ, ಹಳದಿ ಸಾರಿನ ಪಾಪ. ಪಾತ್ರೆ ಖಾಲಿಯಾದ ಮೇಲೆ ತೊಳೆಯಲು ಬೋರಲು ಹಾಕಿದರೆ ತಳದಲ್ಲಿ ಅಂಗಡಿಯ ಚೀಟಿ ಅಂಟಿಕೊಂಡೇ ಇತ್ತು. ಮಾಂಸ ಮುಟ್ಟಿದ ಪಾತ್ರೆಯಲ್ಲಿ ನಾವು ತಿನ್ನುವುದಿಲ್ಲ ಎಂದು ಗ್ಲಾಡಿಸ್ ಹೇಳಿದ್ದಿರಬೇಕು. ನಮಗಾಗಿ 'ಆ ಏರಿಯಾ'ದ ಮನೆಯವರು ಹೊಸ ಪಾತ್ರೆ ತಂದಿದ್ದರು.

ಸಂಜೆ ಸುಧೀರ ಬಂದು ಶೂ ಬಿಚ್ಚುತ್ತಾ ಕುಳಿತ. "ಮನೆ ಚೆನ್ನಾಗಿದೆ. ನಮ್ಮನೆಗಿಂತ ಚೊಕ್ಕಟವಾಗಿದೆ. ಟೇಬಲ್ ಮೇಲೆ ತಟ್ಟೆ ಹಾಕಿದ್ದು ಹಾಗೇ ಇತ್ತು. ಮಕ್ಕಳ ತಟ್ಟೆ ಹತ್ರ ಹೆಸರು ಬರೆದಿಟ್ಟಿದ್ರು" ಎಂದು ಅಷ್ಟೇ ಹೇಳಿದ.

ಸ್ಯಾನ್ ಡಿಯೆಗೋಗೆ ಬಂದ ಮೇಲೆ ಗ್ಲಾಡಿಸ್ ಧ್ರುವ ಹೇಗಿದ್ದಾನೆ ಎಂದು ಕೇಳಿದರು. ಚೆನ್ನಾಗಿದ್ದಾನೆ ಎಂದೆ. ಆ ವಿಷಯ ಅಲ್ಲಿಗೆ ನಿಂತಿತು. ಹೇಳಬೇಕು, ಇವತ್ತು ಹೇಳಬೇಕು ಎಂದುಕೊಂಡೇ ವರ್ಷಗಳು ಕಳೆದವು. ಮಕ್ಕಳು ದೊಡ್ಡವರಾದರು, ಹೋದ ವರ್ಷ ಅವರು ನಮ್ಮಲ್ಲಿ ಬರುವುದು ನಿಂತಿತು. ಸ್ನೇಹ ನಿಲ್ಲಲಿಲ್ಲ. ನಾನು ಆ ಎರಡಕ್ಷರವನ್ನೂ, ಎದುರಿಗಿರುವವರ ಮಾತನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಆಡುವುದನ್ನೂ ಬಿಟ್ಟೆ. ಸುಳ್ಳನ್ನು ಮಾತ್ರ ಹಾಗೆಯೇ ಇಟ್ಟುಕೊಂಡೆ.

ಇಷ್ಟನ್ನೆಲ್ಲ ಈಗ ಬರೆಯಲು ಕಾರಣವಿದೆ. ಗ್ಲಾಡಿಸ್‌ಗೆ ಕಡೆಗೂ ಗ್ರೀನ್ ಕಾರ್ಡ್ ಬಂತು. ಮುಂದಿನ ವಾರ ಲೀಮಾಕ್ಕೆ ಹೊರಟಿದ್ದಾರೆ. ತರಕಾರಿ ಅಂಗಡಿಗೆ ಹೋಗಿದ್ದ ಮರುದಿನ, ಅಂದರೆ ಕಳೆದ ಭಾನುವಾರ, ಹೇಳಿಹೋಗಲು ಮನೆಗೆ ಬಂದಿದ್ದರು. ಕಾಫಿ ಕೊಟ್ಟು ಎದುರು ಕುಳಿತೆ. ಮಕ್ಕಳು ಮಹಡಿಯ ಮೇಲಿದ್ದರು.

"ಗ್ಲಾಡಿಸ್, ಅವತ್ತು ಧ್ರುವನಿಗೆ ಜ್ವರ ಇರ್ಲಿಲ್ಲ" ಎಂದೆ.

"ಗೊತ್ತು" ಎಂದರು.

"ಯಾವಾಗಿಂದ?"

"ಅವತ್ತಿಂದಲೇ. ಮಕ್ಕಳಿಗೆ ಸ್ವಲ್ಪ ಮೈ ಬೆಚ್ಚಗಾದ್ರೂ ನೀವು ನನಗೆ ಪಾಯಿಂಟ್ ಸಮೇತ ಟೆಂಪರೇಚರ್ ಬರೀತಿದ್ರಿ. ಅವತ್ತು ಬರೀ ಜ್ವರ ಅಂತಿತ್ತು." ಅವರು ಕಾಫಿ ಕುಡಿದರು. "ಅಮ್ಮನ್ನ ತಡೀಬೇಕು ಅಂತ ಫೋನ್ ಮಾಡ್ದೆ. ಅಷ್ಟೊತ್ತಿಗೆ ಬಸ್ ಹತ್ತಿಬಿಟ್ಟಿದ್ಳು."

ನಾನು ಅತ್ತೆ. ಅತ್ತದ್ದಕ್ಕೂ ನನಗೆ ನಾಚಿಕೆಯಾಯಿತು. ನಿಮ್ಮ ತಾಯಿಗೆ ನಿಜ ಹೇಳಿ, ನಾನು ಕ್ಷಮೆ ಕೇಳಿದೆ ಎಂದು ಹೇಳಿ ಎಂದೆ. ಗ್ಲಾಡಿಸ್ ಲೋಟ ಕೆಳಗಿಟ್ಟು ಅಡ್ಡಡ್ಡ ತಲೆಯಾಡಿಸಿದರು.

"ಇಲ್ಲ, ನಾನು ಹೇಳಲ್ಲ. ನೀವೂ ಹೇಳ್ಬೇಡಿ. ಈಗ ಆ ಬೀದೀಲಿ ಯಾವ ಮಗು ಮೈ ಬೆಚ್ಚಗಾದ್ರೂ ಅಮ್ಮನ್ನ ಕರೀತಾರೆ, ಇಂಡಿಯಾದ ಮಗು ಜ್ವರ ಇಳಿಸಿದೋಳು ಅಂತ. ಈ ವಯಸ್ಸಲ್ಲಿ ಅವಳಿಗೆ ಸಿಕ್ಕಿರೋ ಹೆಸರು ಅದು. ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ಅದನ್ನ ಕಿತ್ಕೊಳ್ಳೋದಾ?"

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಲೀಮಾದಿಂದ ಅಜ್ಜಿಯೇ, ಮಗಳು ಪೆಟ್ಟಿಗೆ ಕಟ್ಟಿದಳೇ ಎಂದು ವಿಚಾರಿಸಲು. ಶಬ್ದ ಕೇಳಿ ಅನ್ವಿತಾ, ಧ್ರುವ ಇಬ್ಬರೂ ಕೆಳಗಿಳಿದು ಬಂದರು. ಅನ್ವಿತಾಗೆ ಈಗ ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ. ಸ್ಕೂಲಿನಲ್ಲಿ ಕಲಿತದ್ದಕ್ಕಿಂತ ಗ್ಲಾಡಿಸ್ ಕೈಯಲ್ಲಿ ಬೈಸಿಕೊಂಡು ಕಲಿತದ್ದು ಹೆಚ್ಚು. ಫೋನಿನ ಪರದೆಯ ಮೇಲೆ ಧ್ರುವನನ್ನು ಕಂಡ ಅಜ್ಜಿ ಎರಡೂ ಕೈ ಎತ್ತಿ ಏನೋ ಕೇಳಿದರು. ಗ್ಲಾಡಿಸ್ ಫೋನನ್ನು ಅನ್ವಿತಾಳ ಕೈಗೆ ಕೊಟ್ಟು, ಲೋಟ ತೊಳೆಯಲು ಸಿಂಕಿನ ಕಡೆ ಹೋದರು.

ಅನ್ವಿತಾ ಗ್ಲಾಡಿಸ್ ಬೆನ್ನನ್ನು ನೋಡಿ, ದನಿ ತಗ್ಗಿಸಿ, ನನಗೆ ಹೇಳಿದಳು: "ಆಮೇಲೆ ಇವನಿಗೆ ಮತ್ತೆ ಜ್ವರ ಬಂತಾ ಅಂತ ಕೇಳ್ತಿದಾರೆ ಅಮ್ಮ. ಏನ್ ಹೇಳ್ಲಿ?"

ಅಚ್ಚ ಕನ್ನಡ. ಹನ್ನೆರಡು ವರ್ಷ ಬೇಡಿದರೂ ಬೈದರೂ ಅವಳ ಬಾಯಲ್ಲಿ ಬಾರದ ಎರಡು ಪೂರ್ತಿ ವಾಕ್ಯ. ಗ್ಲಾಡಿಸ್‌ಗೆ ತಿಳಿಯದಿರಲಿ, ಅಮ್ಮನ ಮಾನ ಉಳಿಯಲಿ ಎಂದು ಅವಳು ಕನ್ನಡವನ್ನು ಅಡ್ಡ ಹಿಡಿದಿದ್ದಳು. ಗ್ಲಾಡಿಸ್‌ಗೆ ಎಲ್ಲ ಗೊತ್ತೆಂದು ಅವಳಿಗೆ ಗೊತ್ತಿರಲಿಲ್ಲ.

"ಬರ್ಲಿಲ್ಲ ಅಂತ ಹೇಳು" ಎಂದೆ. "ಅವತ್ತೇ ಹೋಯ್ತು, ಅವರ ಗಂಜಿಯಿಂದಲೇ ಹೋಯ್ತು ಅಂತ ಹೇಳು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ, ನಾನು ಹೇಳಿದ್ದರಲ್ಲಿ ಒಂದು ಮಾತೂ ಬಿಡದೆ, ನಗುನಗುತ್ತಾ ಅಜ್ಜಿಗೆ ಹೇಳಿದಳು. ಅವಳು ನಿಜ ಹೇಳುವಾಗಲೂ ಅವಳ ಮುಖ ಅಷ್ಟು ಶಾಂತವಾಗಿದ್ದುದನ್ನು ನಾನು ಕಂಡಿರಲಿಲ್ಲ.